ದೊಡ್ಡಪ್ಪನ ಟ್ರಂಕು, ಸೌದಿಯ ಟರ್ನ್‌ಟೇಬಲ್, ನಿಧಾನವಾದ ಡೀಪ್ ಪರ್ಪಲ್

ಓದುಗರ ಪ್ರಶ್ನೆ: ಸರ್, ನಮ್ಮದು ಬ್ರಹ್ಮಾವರ. ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಬೊಂಬಾಯಿಯಲ್ಲಿದ್ದರು, ಆಮೇಲೆ ಸೌದಿಗೆ ಹೋದರು. ಅವರು ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ಒಂದು ಟ್ರಂಕಿನಲ್ಲಿ 60 ಎಲ್‌ಪಿ ಗ್ರಾಮಫೋನ್ ಪ್ಲೇಟು ಸಿಕ್ಕಿದವು. ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್, ಬೀಟಲ್ಸ್, ಲೆಡ್ ಝೆಪ್ಲಿನ್, ರೋಲಿಂಗ್ ಸ್ಟೋನ್ಸ್ ಎಲ್ಲ ಉಂಟು. ಕೆಲವಕ್ಕೆ ಬೂಷ್ಟು ಹಿಡಿದಿದೆ. ಪ್ಲೇಟು ಹಾಕಿ ಕೇಳಲು ಅವರು ಸೌದಿಯಿಂದ ತಂದ ಟರ್ನ್‌ಟೇಬಲನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿದರೆ ಹಾಡೆಲ್ಲ ನಿಧಾನ, ಸ್ವರ ದಪ್ಪ. ಪ್ಲೇಟು ಹಾಳಾಗಿದೆ ಅಂತ ಇಲೆಕ್ಟ್ರಿಷಿಯನ್ ಹೇಳಿದರು. ಒಬ್ಬರು ಎಲ್ಲ ಒಟ್ಟಿಗೆ 12,000 ರೂಪಾಯಿಗೆ ಕೇಳಿದ್ದಾರೆ. ಹೆಚ್ಚಿನವು ಇಂಡಿಯಾದಲ್ಲಿ ಮಾಡಿದ್ದು, ಅದಕ್ಕೆ ಬೆಲೆ ಇಲ್ಲ ಅಂತಲೂ ಅವರೇ ಅಂದರು. ಕೊಡಲಾ, ಇಟ್ಟುಕೊಳ್ಳಲಾ? ಪಟ್ಟಿ, ಫೋಟೋ ಜೊತೆಗಿದೆ. ಕವರಿನ ಮೂಲೆಯಲ್ಲಿ ದೊಡ್ಡಪ್ಪ ಪೆನ್ನಿನಲ್ಲಿ ಹೆಸರು ಬರೆದಿದ್ದಾರೆ, ಅಳಿಸಬಹುದಾ?

ಉತ್ತರ:

ಕೊಡಬೇಡಿ ಮಾರಾಯ್ರೆ. ಈಗಂತೂ ಬೇಡ. ನಿಮ್ಮ ಪ್ಲೇಟು ಹಾಳಾಗಿಲ್ಲ. ಟರ್ನ್‌ಟೇಬಲ್ ಕೂಡ ಬಹುಶಃ ಸರಿಯಾಗಿಯೇ ಉಂಟು. ಅದು ಸೌದಿಯ ಕರೆಂಟಿಗೆ ಮಾಡಿದ ಯಂತ್ರ, ಈಗ ಬ್ರಹ್ಮಾವರದ ಕರೆಂಟಿನಲ್ಲಿ ಓಡುತ್ತಿದೆ, ಅಷ್ಟೇ. ಅದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ನಮ್ಮ ಊರಿನಲ್ಲಿ ಸೌದಿಯಿಂದ ಬಂದ ಎಷ್ಟೋ ಒಳ್ಳೊಳ್ಳೆ ಸೆಟ್ಟುಗಳು ಈ ಒಂದು ವಿಷಯ ಗೊತ್ತಿಲ್ಲದೆ ಗುಜರಿಗೆ ಹೋಗಿವೆ.

ಅದಕ್ಕೂ ಮೊದಲು ಪ್ಲೇಟುಗಳನ್ನು ಟ್ರಂಕಿನಿಂದ ಹೊರಗೆ ತೆಗೆಯಿರಿ. ಇವತ್ತೇ ತೆಗೆಯಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಗಡಿನ ಟ್ರಂಕು ಅಂದರೆ ಬೂಷ್ಟು ಸಾಕುವ ಪೆಟ್ಟಿಗೆ. ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ. ಅದರ ಮೇಲೆ ಎಲ್ಲವನ್ನೂ ಒಂದರ ಮೇಲೊಂದು ಮಲಗಿಸಿ ಇಟ್ಟಿರುತ್ತಾರೆ, ಅಲ್ವಾ? ಅಡಿಯಲ್ಲಿರುವ ಪ್ಲೇಟು ಉಳಿದ 59ರ ಭಾರ ಹೊತ್ತುಕೊಂಡು ನಲವತ್ತು ವರ್ಷ ಕಳೆದಿರುತ್ತದೆ. ತೆಗೆದ ಕೂಡಲೇ ಕಪಾಟಿನಲ್ಲಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ವಾಲಬಾರದು. ಅರುವತ್ತು ಎಲ್‌ಪಿ ಕವರ್ ಸಮೇತ 12 ಕಿಲೋಗಿಂತ ಜಾಸ್ತಿ ತೂಗುತ್ತದೆ, ಹಾಗಾಗಿ ಹಲಗೆ ಗಟ್ಟಿ ಬೇಕು.

ಬೂಷ್ಟು ನೋಡಿ ಹೆದರಬೇಡಿ. ಎಲ್‌ಪಿ ಅಂದರೆ ಪಿವಿಸಿ ಪ್ಲಾಸ್ಟಿಕ್. ಬೂಷ್ಟಿಗೆ ಅದು ಅಷ್ಟಾಗಿ ಸೇರುವ ಊಟ ಅಲ್ಲ. ಅದಕ್ಕೆ ಬೇಕಾದ್ದು ಕವರಿನ ರಟ್ಟು, ಒಳಗಿನ ಕಾಗದ, ಮತ್ತೆ ಪ್ಲೇಟಿನ ಮೇಲೆ ನಾವು ಬಿಟ್ಟ ಬೆರಳಿನ ಜಿಡ್ಡು. ಹಾಗಾಗಿ ಹೆಚ್ಚಿನ ಸಲ ತೊಳೆದರೆ ಹೋಗುತ್ತದೆ. ಜಗಲಿಯಲ್ಲಿ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒಣ ಬೂಷ್ಟನ್ನು ಮೊದಲು ತೆಗೆಯಿರಿ. ಆಮೇಲೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಆಸಿಡ್ ಬೆರೆಸಿದ್ದನ್ನು ತಂದುಬಿಡಬೇಡಿ, ಕೇಳಿ ತನ್ನಿ. ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ ಸಾಕು. ಮೈಕ್ರೋಫೈಬರ್ ಬಟ್ಟೆ ಅದ್ದಿ, ಗೆರೆ ಹೋಗುವ ದಿಕ್ಕಿನಲ್ಲಿಯೇ ಸುತ್ತ ಒರೆಸಬೇಕು, ಅಡ್ಡಡ್ಡ ಉಜ್ಜಬಾರದು. ಮತ್ತೊಮ್ಮೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಒರೆಸಿ. ನಡುವಿನ ಲೇಬಲ್ಲಿಗೆ ನೀರು ತಾಗಬಾರದು. ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಬೇಡ. ನೀರು ಆರಿದ ಮೇಲೆ ಅದರಲ್ಲಿದ್ದ ಲವಣ ಗೆರೆಯೊಳಗೆ ಕೂತುಬಿಡುತ್ತದೆ, ಸೂಜಿ ಅದನ್ನೂ ಹಾಡು ಅಂತ ಓದುತ್ತದೆ.

ಒಣಗಿಸುವುದು ನೆರಳಿನಲ್ಲಿ, ಫ್ಯಾನಿನ ಕೆಳಗೆ. ಬಿಸಿಲಿಗೆ ಇಡಲೇಬೇಡಿ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕಾಲೇಜಿಗೆ ಹೋಗುವಾಗ ಅಜ್ಜಿ ಮನೆಯಲ್ಲಿ ಏಳು ಪ್ಲೇಟು ಚೆನ್ನಾಗಿ ತೊಳೆದು, ಅಡಿಕೆ ಒಣಗಲು ಹಾಕಿದ್ದ ಅಂಗಳದಲ್ಲಿ ಸಾಲಾಗಿ ಇಟ್ಟು ಊಟಕ್ಕೆ ಹೋದೆ. ಬರುವಾಗ ಏಳೂ ಹಪ್ಪಳ. ಅಜ್ಜಿ ನೋಡಿ, 'ಇನ್ನು ಕರಿಯುವುದೊಂದೇ ಬಾಕಿ' ಅಂದರು. ಅದರಲ್ಲಿ ಒಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಹುಡುಗರಿಗೆ ತೋರಿಸಲಿಕ್ಕೆ.

ಟ್ರಂಕಿನಲ್ಲಿ ಭಾರವಾದ, ಬೇಗ ಒಡೆಯುವ 78 ಆರ್‌ಪಿಎಂ ಪ್ಲೇಟು ಏನಾದರೂ ಇದ್ದರೆ ಅದನ್ನು ಬೇರೆಯೇ ಇಡಿ. ಅದು ಅರಗಿನದ್ದು. ಸ್ಪಿರಿಟ್ ತಾಗಿಸಿದರೆ ಕರಗುತ್ತದೆ, ಎಲ್‌ಪಿಯ ಸೂಜಿ ಅದರ ಅಗಲದ ಗೆರೆಗೆ ಹೊಂದುವುದೂ ಇಲ್ಲ.

ಕವರಿಗೆ ನೀರು ಬೇಡ, ಒಣ ಬಟ್ಟೆ ಸಾಕು. ಒಳಗಿನ ಬರೀ ಬಿಳಿ ಕಾಗದದ ಚೀಲಕ್ಕೆ ಬೂಷ್ಟು ಹಿಡಿದಿದ್ದರೆ ಬಿಸಾಡಿ, ಹೊಸದು ಹಾಕಿ. ಆದರೆ ಹಾಡಿನ ಸಾಲು, ಫೋಟೋ ಅಚ್ಚಾಗಿರುವ ಒಳ ಚೀಲವಾದರೆ ಎಷ್ಟು ಗಲೀಜಾಗಿದ್ದರೂ ಬಿಸಾಡಬೇಡಿ, ಬೇರೆ ಇಡಿ. ದಪ್ಪ ಪಿವಿಸಿಯ ಹೊಳೆಯುವ ಹೊರಕವರ್ ಹಾಕುವವರಿದ್ದಾರೆ. ನಮ್ಮ ಸೆಖೆಗೆ ಅದು ಒಳಗಿನದಕ್ಕೆ ಅಂಟಿಕೊಳ್ಳುತ್ತದೆ, ಪ್ಲೇಟಿನ ಮೇಲೆ ಮಂಜಿನ ಹಾಗೆ ಕಲೆ ಬಿಡುತ್ತದೆ. ಪಾಲಿಪ್ರೊಪಿಲಿನ್ ಕವರ್ ಕೇಳಿ ತನ್ನಿ. ಕಪಾಟು ಪಡುವಣ ಗೋಡೆಗೆ, ಮಳೆ ಹೊಡೆಯುವ ಕಡೆಗೆ ಒರಗಿರಬಾರದು, ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಒರಲೆ ಇದ್ದರೆ ಅದರ ಕಥೆಯೇ ಬೇರೆ, ಅವಕ್ಕೆ ರಟ್ಟಿನ ಕವರ್ ಅಂದರೆ ಮದುವೆ ಊಟ.

ಈಗ ನಿಮ್ಮ ನಿಧಾನದ ಹಾಡಿಗೆ ಬರೋಣ.

ಸೌದಿಯಲ್ಲಿ ಆಗ ಮನೆಗಳಿಗೆ ಬರುತ್ತಿದ್ದುದು 127 ವೋಲ್ಟ್, 60 ಹರ್ಟ್ಸ್ ಕರೆಂಟು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಮೋಟಾರು ಸುಟ್ಟು ಹೋಗುತ್ತಿತ್ತು. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಹಳೆಯ ಟರ್ನ್‌ಟೇಬಲ್‌ಗಳಲ್ಲಿ ಹೆಚ್ಚಿನವಕ್ಕೆ ಸಿಂಕ್ರೊನಸ್ ಮೋಟಾರು. ಕರೆಂಟು ಸೆಕೆಂಡಿಗೆ ಎಷ್ಟು ಸಲ ತಿರುವು ಹಾಕುತ್ತದೋ (ಅದೇ ಹರ್ಟ್ಸ್) ಅದರ ತಾಳಕ್ಕೆ ಆ ಮೋಟಾರು ಓಡುತ್ತದೆ. 60ರ ತಾಳಕ್ಕೆ ಮಾಡಿದ ಮೋಟಾರಿಗೆ 50ರ ತಾಳ ಕೊಟ್ಟರೆ ಆರರಲ್ಲಿ ಐದು ಪಾಲು ವೇಗ. ನಿಮಿಷಕ್ಕೆ 33⅓ ಸುತ್ತಬೇಕಾದ ಪ್ಲೇಟು ಸುಮಾರು 27.8 ಸುತ್ತುತ್ತದೆ. ಸ್ವರ ಸುಮಾರು ಮೂರು ಸ್ವರಸ್ಥಾನ ಕೆಳಗೆ ಬೀಳುತ್ತದೆ. ಡೀಪ್ ಪರ್ಪಲ್ ಬ್ಯಾಂಡಿನ 'ಸ್ಮೋಕ್ ಆನ್ ದ ವಾಟರ್' ಜಿ ಮೈನರಿನಿಂದ ಇ ಮೈನರಿಗೆ ಇಳಿಯುತ್ತದೆ, ಐದು ನಿಮಿಷ ನಲವತ್ತು ಸೆಕೆಂಡಿನ ಹಾಡು ಆರು ಮುಕ್ಕಾಲು ನಿಮಿಷ ಎಳೆಯುತ್ತದೆ. ಅದನ್ನು ಹಾಡಿದ ಇಯಾನ್ ಗಿಲ್ಲನ್ ಯಕ್ಷಗಾನದ ಬಣ್ಣದ ವೇಷದವರ ಹಾಗೆ ಕೇಳುತ್ತಾರೆ. ಸ್ವರ ದಪ್ಪ ಅಂತ ನೀವು ಬರೆದದ್ದು ಸರಿಯಾಗಿ ಇದಕ್ಕೇ ಹೊಂದುತ್ತದೆ. ಪ್ಲೇಟು ಬೆಂಡಾಗಿದ್ದರೆ ಸ್ವರ ತೂಗಾಡುತ್ತದೆ, ಒಂದೇ ಸಮ ದಪ್ಪ ಆಗುವುದಿಲ್ಲ.

ಪರೀಕ್ಷೆ ಸುಲಭ. ಲೇಬಲ್ಲಿನ ಅಂಚಿಗೆ ಒಂದು ಚೂರು ಕಾಗದ ಇಡಿ, ಮೊಬೈಲಿನಲ್ಲಿ ಮೂರು ನಿಮಿಷ ಟೈಮರ್ ಇಡಿ, ಸುತ್ತು ಎಣಿಸಿ. ಸರಿಯಾದ ವೇಗವಾದರೆ ಮೂರು ನಿಮಿಷಕ್ಕೆ ಸರೀ ನೂರು ಸುತ್ತು. 83ರ ಆಸುಪಾಸು ಬಂದರೆ ನಾನು ಹೇಳಿದ್ದೇ ಕಾಯಿಲೆ. 94, 96 ಅಂತ ಏನೇನೋ ಬಂದರೆ ಬೆಲ್ಟು ಸಡಿಲವಾಗಿರಬಹುದು, ಇಲ್ಲವೇ ಎಣ್ಣೆ ಗಟ್ಟಿಯಾಗಿರಬಹುದು. ಬೆಲ್ಟು ರಬ್ಬರಿನದ್ದು, ಅಟ್ಟದ ಸೆಖೆಯಲ್ಲಿ ಅಷ್ಟು ವರ್ಷ ಇದ್ದರೆ ಸಡಿಲವಾಗಿ ಜೋತುಬಿದ್ದಿರುತ್ತದೆ.

83 ಬಂತು ಅಂತ ಇಟ್ಟುಕೊಳ್ಳೋಣ. ಪ್ಲಗ್ ತೆಗೆದು, ಮೇಲಿನ ತಟ್ಟೆ ಎತ್ತಿ ಮೋಟಾರಿನ ತಲೆ ನೋಡಿ. ಅಲ್ಲೊಂದು ಸಣ್ಣ ಪುಲ್ಲಿ ಇರುತ್ತದೆ. ಕೆಲವು ಕಂಪೆನಿಗಳು ಎಲ್ಲ ದೇಶಕ್ಕೂ ಆಗುವ ಹಾಗೆ ಪುಲ್ಲಿಯಲ್ಲಿ 50 ಮತ್ತು 60 ಎರಡಕ್ಕೂ ಮೆಟ್ಟಿಲು ಕೊಟ್ಟಿರುತ್ತವೆ. ಹಾಗಿದ್ದರೆ ನಿಮ್ಮ ಅದೃಷ್ಟ, ಬೆಲ್ಟು ಇನ್ನೊಂದು ಮೆಟ್ಟಿಲಿಗೆ ಹಾಕಿದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಅದೇ ಮಾಡೆಲ್ಲಿನ 50 ಹರ್ಟ್ಸ್ ಪುಲ್ಲಿ ಹುಡುಕಬೇಕು. ಅದೂ ಸಿಗದಿದ್ದರೆ ಲೇತ್ ಅಂಗಡಿ. ಮಂಗಳೂರಿನ ಬೈಕಂಪಾಡಿ ಕಡೆ ಹಿತ್ತಾಳೆ ಕೆಲಸ ಮಾಡುವವರಿದ್ದಾರೆ, ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲೂ ಕೇಳಿ ನೋಡಿ. ಹಳೆ ಪುಲ್ಲಿಯ ವ್ಯಾಸಕ್ಕಿಂತ 20 ಪರ್ಸೆಂಟ್ ದೊಡ್ಡದು ಬೇಕು. ಹತ್ತು ಮಿಲಿಮೀಟರ್ ಇದ್ದದ್ದು ಹನ್ನೆರಡು ಆಗಬೇಕು. ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುವುದರಿಂದ ಮೊದಲ ಸಲವೇ ಕರಾರುವಾಕ್ಕಾಗಿ ಬರುವುದಿಲ್ಲ, ಒಂದು ಕೂದಲು ದೊಡ್ಡದಾಗಿಯೇ ಮಾಡಿಸಿ ಆಮೇಲೆ ಚೂರುಚೂರೇ ಇಳಿಸಿ. ಪುಲ್ಲಿಯ ನಡು ಒಂಚೂರು ತಪ್ಪಿದರೂ ಹಾಡು ಅಲ್ಲಾಡುತ್ತದೆ. ಹಾಗಾಗಿ ಚೀಪಾಗಿ ಮಾಡಿಕೊಡುತ್ತೇನೆ ಅನ್ನುವವರಿಗಿಂತ ನಿಧಾನವಾಗಿ ಮಾಡುವವರ ಹತ್ತಿರ ಕೊಡಿ. ಅಂದಹಾಗೆ ಡಿಸಿ ಮೋಟಾರು ಇರುವ ಸೆಟ್ಟುಗಳಿಗೆ ಈ ತೊಂದರೆಯೇ ಇಲ್ಲ. ದುಬೈ, ಕುವೈಟ್ ಕಡೆ 50 ಹರ್ಟ್ಸೇ ಇರುವುದರಿಂದ ಅಲ್ಲಿಂದ ಬಂದವಕ್ಕೂ ಇಲ್ಲ. ಈ ಪೇಚೆಲ್ಲ ಸೌದಿಯದ್ದು, ಅಮೆರಿಕದ್ದು.

ಇಷ್ಟೆಲ್ಲ ಮಾಡಿಯೂ ಹಳೆಯ ಸೂಜಿಯಲ್ಲಿ ಪ್ಲೇಟು ಹಾಕಬೇಡಿ. ಸುತ್ತು ಎಣಿಸಲು ಸೂಜಿ ಇಳಿಸಬೇಕೂ ಇಲ್ಲ. ಸೂಜಿಯ ತುದಿಯ ಹರಳು ಗಟ್ಟಿ ಇರಬಹುದು, ಆದರೆ ಅದನ್ನು ಹಿಡಿದ ರಬ್ಬರು ನಲವತ್ತು ವರ್ಷದಲ್ಲಿ ಕಲ್ಲಾಗಿರುತ್ತದೆ. ಅದು ಗೆರೆಯನ್ನು ಓದುವುದಿಲ್ಲ, ಉಳುತ್ತದೆ. ಇಪ್ಪತ್ತು ನಿಮಿಷದ ಒಂದು ಬದಿಯಲ್ಲಿ ಸೂಜಿ 400 ಮೀಟರಿಗಿಂತ ಜಾಸ್ತಿ ದೂರ ಗೆರೆಯೊಳಗೆ ಹೋಗುತ್ತದೆ, ಯೋಚಿಸಿ. ಹೊಸ ಸೂಜಿ ಹಾಕಿ, ಅದರ ಕಂಪೆನಿ ಹೇಳಿದಷ್ಟೇ ಭಾರ ಕೊಡಿ. ಸಾಧಾರಣ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿ ಕೂರಿಸುವ ಪುಟ್ಟ ಡಬ್ಬಿ) ಆದರೆ ಎರಡು ಗ್ರಾಮಿನ ಆಸುಪಾಸು. ಭಾರ ಕಮ್ಮಿ ಮಾಡಿದರೆ ಪ್ಲೇಟಿಗೆ ಒಳ್ಳೆಯದು ಅಂತ ಕೆಲವರ ನಂಬಿಕೆ. ಹಾಗಲ್ಲ, ತೀರಾ ಹಗುರಾದ ಸೂಜಿ ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ, ಅದು ಇನ್ನೂ ಕೆಟ್ಟದು. ಸೂಟ್‌ಕೇಸ್ ಥರದ ಚಂದದ ಪ್ಲೇಯರು ನೋಡಿ ಮರುಳಾಗಬೇಡಿ, ಅವುಗಳಲ್ಲಿ ಹೆಚ್ಚಿನವುಗಳ ಕೈ ಭಾರ, ಹೊಂದಿಸಲಿಕ್ಕೂ ಆಗುವುದಿಲ್ಲ.

ಇಂಡಿಯಾದಲ್ಲಿ ಮಾಡಿದ್ದಕ್ಕೆ ಬೆಲೆ ಇಲ್ಲ ಅಂದವರು ಒಂದೋ ಗೊತ್ತಿಲ್ಲದವರು, ಇಲ್ಲವೇ ಚೆನ್ನಾಗಿ ಗೊತ್ತಿರುವವರು. ನನಗೆ ಎರಡನೆಯದ್ದರ ಮೇಲೆಯೇ ಸಂಶಯ. ಬೀಟಲ್ಸ್, ಪಿಂಕ್ ಫ್ಲಾಯ್ಡ್ ಎರಡೂ ಬ್ರಿಟನ್ನಿನಲ್ಲಿ ಇಎಂಐ ಅನ್ನುವ ರೆಕಾರ್ಡ್ ಕಂಪೆನಿಯ ಬಳಗದವು. ಇಲ್ಲಿ ಅವುಗಳನ್ನು ಅಚ್ಚು ಹಾಕಿದ್ದು ನಮ್ಮ ನಾಯಿ ಮಾರ್ಕಿನ ಗ್ರಾಮಫೋನ್ ಕಂಪೆನಿ ಆಫ್ ಇಂಡಿಯಾ, ಕಲ್ಕತ್ತದ ಡಮ್‌ಡಮ್ ಫ್ಯಾಕ್ಟರಿಯಲ್ಲಿ. ಹೊರದೇಶದಲ್ಲಿ ಈ ಡಮ್‌ಡಮ್ ಪ್ಲೇಟುಗಳನ್ನೇ ಹುಡುಕಿ ಕೂಡಿಸುವವರಿದ್ದಾರೆ. ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಲೈಟಿಗೆ ಓರೆಯಾಗಿ ಹಿಡಿದು ನೋಡಿ, ಸಣ್ಣ ಅಕ್ಷರ, ಅಂಕಿ ಕಾಣುತ್ತದೆ. ಬೀಟಲ್ಸ್ ಅವರ 'ಆಬಿ ರೋಡ್' ಬ್ರಿಟನ್ನಿನದ್ದಾದರೆ ಮೊದಲ ಬದಿಯಲ್ಲಿ ವೈಇಎಕ್ಸ್ 749, ಎರಡನೆಯದರಲ್ಲಿ 750. ಇಂಡಿಯಾದ ಪ್ಲೇಟಿನಲ್ಲೂ ಅದೇ ಅಂಕಿ, ಅದೇ ಮೆಷಿನ್ ಅಚ್ಚಿನಲ್ಲಿ ಕಂಡರೆ ಅದರ ಮೂಲ ಲಂಡನ್ನಿನದ್ದು ಅನ್ನಲು ಕಾರಣ ಉಂಟು. ಕವರ್ ಮಾತ್ರ ಕೆಲವು ಸಲ ಇಲ್ಲಿ ಸರಳ ಮಾಡಿದ್ದಾರೆ, ಒಳಗಿನ ಪೋಸ್ಟರು ಗೀಸ್ಟರು ಇರುವುದಿಲ್ಲ.

ಆ ಖಾಲಿ ಜಾಗದ ಬಗ್ಗೆ ಇನ್ನೊಂದು ಕಥೆ ಹೇಳಲೇಬೇಕು. 1969ರಲ್ಲಿ 'ಲೆಡ್ ಝೆಪ್ಲಿನ್ 2' ಬಂದಾಗ ಅಮೆರಿಕದಲ್ಲಿ ಅದರ ಮೂಲ ಅಚ್ಚು ಕೆತ್ತಿದ್ದು ಬಾಬ್ (ರಾಬರ್ಟ್) ಲುಡ್ವಿಗ್. ತುಂಬ ಜೋರಾಗಿ, ಬೇಸ್ ತುಂಬಿಸಿ ಕೆತ್ತಿದ್ದರು. ಚೀಪ್ ಪ್ಲೇಯರುಗಳಲ್ಲಿ ಸೂಜಿಯೇ ಹಾರಿ ಹೋಗುವುದಕ್ಕೆ ಶುರುವಾಯಿತು. ಕಂಪೆನಿ ಹೆದರಿ ಅದನ್ನು ನಿಲ್ಲಿಸಿ ಮೆತ್ತಗಿನ ಅಚ್ಚು ಮಾಡಿಸಿತು. ಈಗ ಆ ಖಾಲಿ ಜಾಗದಲ್ಲಿ 'ಆರ್‌ಎಲ್' ಅಂತ ಎರಡು ಅಕ್ಷರ ಇರುವ ಪ್ಲೇಟಿಗೆ ಜನ ಸಾವಿರಾರು ಸುರಿಯುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ನಿಮ್ಮ ಟ್ರಂಕಿನಲ್ಲಿ ಅದು ಸಿಗುತ್ತದೆ ಅಂತ ನಾನು ಆಸೆ ಹುಟ್ಟಿಸುತ್ತಿಲ್ಲ, ಆದರೆ ಆ ಖಾಲಿ ಜಾಗ ನೋಡದೆ ಒಟ್ಟಿಗೆ ತೂಕಕ್ಕೆ ಮಾರಬೇಡಿ ಅಂತ ಹೇಳುವುದು ಇದಕ್ಕೇ. ಹಾಗೆಯೇ ಪಿಂಕ್ ಫ್ಲಾಯ್ಡ್ ಅವರ 'ಡಾರ್ಕ್ ಸೈಡ್ ಆಫ್ ದ ಮೂನ್' ಬ್ರಿಟನ್ನಿನದ್ದಾಗಿದ್ದು, ಲೇಬಲ್ಲಿನ ತ್ರಿಕೋನ ಪೂರ್ತಿ ನೀಲಿ ತುಂಬಿದ್ದರೆ ಅದು ಮೊದಲ ಕಂತಿನದ್ದು. ಅದರೊಳಗೆ ಎರಡು ಪೋಸ್ಟರು, ಸ್ಟಿಕರು ಇರಬೇಕು. ದೊಡ್ಡಮ್ಮನನ್ನು ಕೇಳಿ, ಆ ಪಿರಮಿಡ್ಡಿನ ಪೋಸ್ಟರು ಯಾವುದಾದರೂ ಹಳೆ ಕ್ಯಾಲೆಂಡರಿನ ಹಿಂದೆ ಇದ್ದರೂ ಇರಬಹುದು.

ಆದರೆ ಬೆಲೆ ಅನ್ನುವುದು ಹೆಸರಿಗೆ ಕಮ್ಮಿ, ಸ್ಥಿತಿಗೆ ಜಾಸ್ತಿ. ಗೀರು ಬಿದ್ದ ಲಂಡನ್ನಿನ ಪ್ಲೇಟಿಗಿಂತ ಕನ್ನಡಿಯ ಹಾಗೆ ಇರುವ ಡಮ್‌ಡಮ್ ಪ್ಲೇಟು ನಾನಾದರೆ ಮೊದಲು ಎತ್ತಿಕೊಳ್ಳುತ್ತೇನೆ. ಇಂಟರ್ನೆಟ್ಟಿನಲ್ಲಿ ನೋಡುವಾಗ ಯಾರೋ ಕೇಳುತ್ತಿರುವ ರೇಟು ನೋಡಬೇಡಿ, ಡಿಸ್ಕಾಗ್ಸ್ ಅನ್ನುವ ವೆಬ್‌ಸೈಟಿನಲ್ಲಿ ಹಿಂದೆ ನಿಜವಾಗಿ ಮಾರಾಟವಾದ ರೇಟು ಸಿಗುತ್ತದೆ, ಅದನ್ನು ನೋಡಿ. ಲೇಬಲ್ಲಿನ ನಂಬರು, ಖಾಲಿ ಜಾಗದ ನಂಬರು ಎರಡೂ ಹೊಂದಿದರೆ ಮಾತ್ರ ಅದು ನಿಮ್ಮದು. 12,000 ಅಂದರೆ ಒಂದಕ್ಕೆ ಇನ್ನೂರು ರೂಪಾಯಿ ಆಯಿತು. ನಾನು ಹಿಂದೊಮ್ಮೆ ಕೈ ಖಾಲಿ ಇದ್ದಾಗ ಹೀಗೇ ಒಬ್ಬರಿಗೆ ನಲವತ್ತು ಪ್ಲೇಟು ಒಟ್ಟಿಗೆ ಕೊಟ್ಟಿದ್ದೆ. ಅದರಲ್ಲಿದ್ದ ಒಂದೇ ಒಂದನ್ನು ಅವರು ಆಮೇಲೆ ಮಾರಿದ ರೇಟು ಕೇಳಿ ಎರಡು ದಿನ ಊಟ ಸೇರಲಿಲ್ಲ.

ನೀವು ಕಳಿಸಿದ ಫೋಟೋದಲ್ಲಿ ರೋಲಿಂಗ್ ಸ್ಟೋನ್ಸ್ ಅವರ 'ಸ್ಟಿಕಿ ಫಿಂಗರ್ಸ್' ಕವರಿಗೆ ನಿಜವಾದ ಜಿಪ್ ಇರುವುದು ಕಂಡಿತು. 1971ರ ಆ ಕವರಿನ ಐಡಿಯಾ ಆಂಡಿ ವಾರ್ಹೋಲ್ ಅವರದ್ದು. ಚಂದ ಏನೋ ಹೌದು, ಆದರೆ ಸಾಗಿಸುವಾಗ ಒಂದರ ಮೇಲೊಂದು ಪೇರಿಸಿದ್ದರಿಂದ ಜಿಪ್ಪು ಒತ್ತಿ ಪ್ಲೇಟುಗಳಿಗೆ ಗುಳಿ ಬಿತ್ತು. ಕೊನೆಗೆ ಅವರು ಕಂಡುಕೊಂಡ ಉಪಾಯ ನೋಡಿ: ಜಿಪ್ಪನ್ನು ನಡುವಿನವರೆಗೆ ಎಳೆದು ಇಟ್ಟರು, ಆಗ ಅದು ಒತ್ತುವುದು ಲೇಬಲ್ಲನ್ನು ಮಾತ್ರ. ನೀವೂ ಹಾಗೇ ಮಾಡಿ, ಅದರ ಪಕ್ಕದ ಪ್ಲೇಟಿನ ನಡುವೆ ಒಂದು ರಟ್ಟು ಇಡಿ. ಟ್ರಂಕಿನಲ್ಲಿ ಅದರ ಮೇಲೆ ಇದ್ದ ಪ್ಲೇಟು ಯಾವುದು ಅಂತ ನೆನಪಿದ್ದರೆ ಅದನ್ನೂ ಒಮ್ಮೆ ನೋಡಿ.

ಇಷ್ಟು ಹೇಳಿದ ಮೇಲೆ ನನ್ನ ಸ್ವಾರ್ಥದ ಮಾತು. ಮಾರುವುದಾದರೂ ಒಮ್ಮೆ ಕೇಳಿ ಮಾರಿ. ನನಗೆ ಈ ಹುಚ್ಚು ಹತ್ತಿದ್ದು ಮಂಗಳೂರಿನ ಜೆಪ್ಪುವಿನಲ್ಲಿ. ನೆರೆಮನೆಯವರೊಬ್ಬರು ಹಡಗಿನಲ್ಲಿ ಕೆಲಸಕ್ಕಿದ್ದರು, ರಜೆಯಲ್ಲಿ ಬರುವಾಗ ಪ್ಲೇಟು ತರುತ್ತಿದ್ದರು. ಭಾನುವಾರ ಪೂಜೆ ಮುಗಿಸಿ ಬಂದು ಕಿಟಕಿ ತೆರೆದಿಟ್ಟು ಹಾಕುತ್ತಿದ್ದರು, ಇಡೀ ಓಣಿಗೆ ಕೇಳುತ್ತಿತ್ತು. ಡೀಪ್ ಪರ್ಪಲ್ ಅವರ 'ಮಷೀನ್ ಹೆಡ್' ನಾನು ಮೊದಲು ಕೇಳಿದ್ದು ಅವರ ಕಿಟಕಿಯ ಹೊರಗೆ ನಿಂತು. ಸ್ವಿಟ್ಜರ್‌ಲೆಂಡಿನ ಮೊಂಟ್ರೋದಲ್ಲಿ ರೆಕಾರ್ಡ್ ಮಾಡಲು ಹೋದವರ ಎದುರೇ 1971ರ ಡಿಸೆಂಬರಿನಲ್ಲಿ ಕ್ಯಾಸಿನೊ ಸುಟ್ಟುಹೋಗಿ, ಕೊನೆಗೆ ಖಾಲಿ ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆ ಅಡ್ಡ ಇಟ್ಟು ರೆಕಾರ್ಡ್ ಮಾಡಿದರು, ಆ ಬೆಂಕಿಯ ಹೊಗೆಯೇ 'ಸ್ಮೋಕ್ ಆನ್ ದ ವಾಟರ್' ಹಾಡಾಯಿತು. ಈ ಕಥೆ ಗೊತ್ತಾದದ್ದು ತುಂಬ ಆಮೇಲೆ. ಆಗ ಗೊತ್ತಿದ್ದದ್ದು ಆ ಗಿಟಾರು ಎದೆಗೆ ಬಡಿಯುತ್ತದೆ ಅಂತ ಮಾತ್ರ.

'ಡಾರ್ಕ್ ಸೈಡ್' ಮೊಬೈಲಿನಲ್ಲಿ ಕೇಳಿದ್ದೇನೆ ಅನ್ನಬಹುದು ನೀವು, ಕೇಳಿರಲೂಬಹುದು. ಪ್ಲೇಟಿನಲ್ಲಿ ಅದಕ್ಕೆ ಎರಡು ಬದಿ. ಮೊದಲ ಬದಿಯ ಕೊನೆಗೆ ಕ್ಲೇರ್ ಟೋರಿ ಅನ್ನುವವರು ಒಂದೂ ಮಾತಿಲ್ಲದೆ ಬರೀ ಸ್ವರದಲ್ಲಿ ಹಾಡುತ್ತಾರೆ, ನಮ್ಮಲ್ಲಿ ಆಲಾಪನೆ ಕೇಳಿದವರಿಗೆ ಅದು ಪರಕೀಯ ಅನಿಸುವುದೇ ಇಲ್ಲ. ಅದು ಮುಗಿಯುತ್ತದೆ, ಸೂಜಿ ಏಳುತ್ತದೆ, ಮನೆಯಲ್ಲಿ ಮಳೆಯ ಸದ್ದು ಮಾತ್ರ. ನೀವು ಎದ್ದು ಹೋಗಿ ಪ್ಲೇಟು ಮಗುಚಬೇಕು. ಮಗುಚಿದ ಕೂಡಲೇ ಚಿಲ್ಲರೆಯ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು, 'ಮನಿ' ಶುರು. ತೊಡೆ ತಟ್ಟಿ ಎಣಿಸಿ, ಏಳು ಬರುತ್ತದೆ. ಮಿಶ್ರ ಛಾಪು ಗೊತ್ತಿರುವವರು ಯಾರಾದರೂ ಮನೆಯಲ್ಲಿದ್ದರೆ ಅವರ ಕೈ ತಾನಾಗಿ ಹೋಗುತ್ತದೆ. ಆ ಎದ್ದು ಹೋಗಿ ಮಗುಚುವ ಅರ್ಧ ನಿಮಿಷ ಮೊಬೈಲಿನಲ್ಲಿ ಇಲ್ಲ, ನನಗೆ ಆ ರೆಕಾರ್ಡಿನ ಅತ್ಯಂತ ಇಷ್ಟದ ಜಾಗ ಅದೇ. 'ಆಬಿ ರೋಡ್' ಹಾಕಿದರೆ ಎರಡನೆಯ ಬದಿ ಮುಗಿಯಿತು ಅಂತ ಕೂಡಲೇ ಎದ್ದು ಸೂಜಿ ಎತ್ತಬೇಡಿ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಆಮೇಲೆ 23 ಸೆಕೆಂಡಿನ ಒಂದು ಪುಟ್ಟ ಹಾಡು ಬರುತ್ತದೆ, ಮೊದಲ ಕವರುಗಳ ಮೇಲೆ ಅದರ ಹೆಸರೇ ಇರಲಿಲ್ಲ.

ಕವರಿನ ಮೂಲೆಯಲ್ಲಿ ದೊಡ್ಡಪ್ಪ ಪೆನ್ನಿನಲ್ಲಿ ಹೆಸರು ಬರೆದಿದ್ದಾರೆ, ಅಳಿಸಬಹುದಾ ಅಂತ ಕೊನೆಗೆ ಕೇಳಿದ್ದೀರಿ. ಹೆಸರಿದ್ದರೆ ರೇಟು ಸ್ವಲ್ಪ ಇಳಿಯುತ್ತದೆ, ಹೌದು. ಉಜ್ಜಿದರೆ ರಟ್ಟಿನ ಬಣ್ಣ ಎದ್ದು ಇನ್ನೂ ಜಾಸ್ತಿ ಇಳಿಯುತ್ತದೆ. ಬಿಟ್ಟುಬಿಡಿ.

ಸದ್ಯಕ್ಕೆ ಟ್ರಂಕು ಖಾಲಿ ಮಾಡಿ, ಆ ಗಿರಾಕಿಗೆ ಮಳೆಗಾಲ ಮುಗಿಯಲಿ ಅನ್ನಿ, ಮೂರು ನಿಮಿಷ ಕೂತು ಸುತ್ತು ಎಣಿಸಿ. 83 ಬಂತಾ, ನೂರು ಬಂತಾ ಅಂತ ಬರೆಯಿರಿ. ಜೊತೆಗೆ ಪುಲ್ಲಿಯ ಫೋಟೋ ಇರಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆದದ್ದು.